ಪೋಷಕ ಪಾತ್ರದ ಪರಿಪೋಷ: ಕೆ. ಎಸ್. ಅಶ್ವತ್ಥ್ ಮತ್ತು ಚಾಮಯ್ಯ ಮೇಷ್ಟ್ರು

‘ಪೋಷಕ ನಟ’ ಎಂಬ ಪದವನ್ನು ಕನ್ನಡ ಪತ್ರಿಕೆಗಳು ದಿನವೂ ಬಳಸುತ್ತವೆ. ನಾಯಕನಲ್ಲದವನು, ನಾಯಕನ ಆಸುಪಾಸಿನಲ್ಲಿ ಇರುವವನು ಎಂಬಷ್ಟೇ ಅರ್ಥದಲ್ಲಿ ಅದು ಸವೆದುಹೋಗಿದೆ. ಆದರೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈ ಪದವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ‘ಪುಷ್’ ಎಂಬ ಧಾತುವಿನಿಂದ ಬಂದ ಪೋಷಕ ಎಂದರೆ ಉಣಿಸಿ ಬೆಳೆಸುವವನು. ಶಾಲೆಯ ಅರ್ಜಿಯಲ್ಲಿ ‘ಪೋಷಕರ ಸಹಿ’ ಎಂದು ಬರೆಯುವಾಗ ತಂದೆ-ತಾಯಿಯನ್ನೇ ಉದ್ದೇಶಿಸಿರುತ್ತಾರೆ. ಕಾವ್ಯಮೀಮಾಂಸೆಯ ತರಗತಿಯಲ್ಲಿ ಇದೇ ಧಾತು ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ವಿಭಾವ, ಅನುಭಾವ, ವ್ಯಭಿಚಾರಿಭಾವಗಳಿಂದ ಸ್ಥಾಯಿಭಾವವು ಪುಷ್ಟಿಗೊಂಡಾಗ ಅದೇ ರಸವೆನಿಸುತ್ತದೆ ಎಂಬುದು ಭಟ್ಟಲೊಲ್ಲಟನ ವಾದ. ಆ ವಾದಕ್ಕೆ ಮುಂದಿನವರು ಎತ್ತಿದ ಆಕ್ಷೇಪಗಳು ಏನೇ ಇರಲಿ, ‘ರಸಪರಿಪೋಷ’ ಎಂಬ ಮಾತು ಮಾತ್ರ ಕನ್ನಡ ವಿಮರ್ಶೆಯಲ್ಲಿ ಉಳಿದುಕೊಂಡಿತು.

ಪೋಷಕ ಪದದ ಈ ಅರ್ಥಗಳೆಲ್ಲ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದನ್ನು ಕಾಣಬೇಕಾದರೆ ಕೆ. ಎಸ್. ಅಶ್ವತ್ಥರ ಬಾಳನ್ನು ನೋಡಬೇಕು. ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಅವರು ಬಹುಪಾಲು ಚಿತ್ರಗಳಲ್ಲಿ ಯಾರದೋ ತಂದೆ, ಯಾರದೋ ಗುರು, ಯಾರದೋ ಹಿರಿಯಣ್ಣ. ಅವರ ಅತ್ಯಂತ ಪ್ರಸಿದ್ಧ ಪಾತ್ರವಾದ ‘ನಾಗರಹಾವು’ (1972) ಚಿತ್ರದ ಚಾಮಯ್ಯ ಮೇಷ್ಟ್ರನ್ನು ಸಾಮಾನ್ಯವಾಗಿ ಆದರ್ಶ ಗುರುವಿನ ಚಿತ್ರವೆಂದು ಹೊಗಳುತ್ತಾರೆ. ಶಿಕ್ಷಕರ ದಿನಾಚರಣೆಯ ಭಾಷಣಗಳಲ್ಲಿ ಆ ಹೆಸರು ತಪ್ಪದೆ ಬರುತ್ತದೆ. ಚಿತ್ರವನ್ನು ಎಚ್ಚರದಿಂದ ನೋಡಿದರೆ ಆ ಹೊಗಳಿಕೆ ಅರ್ಧ ಸತ್ಯವೆಂದು ತೋರುತ್ತದೆ. ಉಳಿದರ್ಧವನ್ನು ಅರಿಯಲು ಆ ಪಾತ್ರಕ್ಕೆ ಮುಂಚೆ ಅಶ್ವತ್ಥರು ನಡೆದು ಬಂದ ದಾರಿಯನ್ನು ತಿಳಿಯಬೇಕು.

ಮೈಸೂರಿನ ಹುಡುಗ, ಬಾನುಲಿಯ ಧ್ವನಿ

ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ ಹುಟ್ಟಿದ್ದು 1925ರ ಮಾರ್ಚ್ 25ರಂದು, ಮೈಸೂರಿನಲ್ಲಿ. (ಭಾವಗೀತೆಗಳ ಗಾಯಕ, ಸಂಗೀತ ನಿರ್ದೇಶಕ ಸಿ. ಅಶ್ವತ್ಥ್ ಬೇರೆ. ಉತ್ತರಪತ್ರಿಕೆಗಳಲ್ಲಿ ಇವರಿಬ್ಬರೂ ಆಗಾಗ ಒಬ್ಬರಾಗುವುದುಂಟು.) 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಕಾಲಕ್ಕೆ ಅವರ ಕಾಲೇಜು ಓದು ನಿಂತಿತು. ಮುಂದೆ ಸರ್ಕಾರದ ಆಹಾರ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಕೆಲಸ ದೊರೆಯಿತು. ಕೆಲಸದ ನಡುವೆ ಹವ್ಯಾಸಿ ರಂಗಭೂಮಿ, ಮೈಸೂರು ಆಕಾಶವಾಣಿಯ ನಾಟಕಗಳು.

ಈ ಕೊನೆಯ ಸಂಗತಿ ಸಣ್ಣದಲ್ಲ. ಅವರ ಕಾಲದ ಕನ್ನಡ ಚಿತ್ರನಟರಲ್ಲಿ ಹೆಚ್ಚಿನವರು ವೃತ್ತಿನಾಟಕ ಕಂಪನಿಗಳಿಂದ ಬಂದವರು. ಧ್ವನಿವರ್ಧಕವಿಲ್ಲದ ರಂಗದಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಮುಟ್ಟಬೇಕು ಎಂಬ ಶಿಕ್ಷಣ ಅವರದು. ಎದೆಯಿಂದ ಎತ್ತಿ ಎಸೆಯುವ ಮಾತು, ದೊಡ್ಡ ಅಂಗಾಭಿನಯ, ಪ್ರತಿ ವಾಕ್ಯದ ಕೊನೆಗೊಂದು ಏರಿಕೆ. ಬಾನುಲಿಯ ನಟನಿಗೆ ಇವಾವುವೂ ಒದಗುವುದಿಲ್ಲ. ಅವನ ಕೇಳುಗ ಮೂರು ಮೊಳ ದೂರದಲ್ಲಿ, ಮನೆಯ ಪಡಸಾಲೆಯಲ್ಲಿ ಕುಳಿತಿರುತ್ತಾನೆ. ಆಂಗಿಕ, ಆಹಾರ್ಯಗಳೆರಡೂ ಕಳಚಿಬಿದ್ದು ವಾಚಿಕವೊಂದೇ ಉಳಿದಾಗ, ಒಂದು ತಡೆ, ಒಂದು ನಿಟ್ಟುಸಿರು, ಪದಗಳ ನಡುವಿನ ಮೌನ, ಇವೇ ನಟನ ಬಂಡವಾಳ. ಅಶ್ವತ್ಥರ ಮಾತಿನಲ್ಲಿ ಕಡೆಯವರೆಗೂ ಉಳಿದ ಮೆಲುದನಿ, ಸ್ಪಷ್ಟ ಉಚ್ಚಾರ ಮತ್ತು ವಾಕ್ಯದ ನಡುವೆ ನಿಂತು ಯೋಚಿಸುವವರಂತಹ ಲಯಕ್ಕೆ ಈ ಹಿನ್ನೆಲೆಯೂ ಕಾರಣವೆಂದು ಊಹಿಸಬಹುದು.

1955ರಲ್ಲಿ ‘ಸ್ತ್ರೀರತ್ನ’ ಚಿತ್ರದಿಂದ ಅವರು ಬೆಳ್ಳಿತೆರೆಗೆ ಬಂದರು, ಅದೂ ನಾಯಕನಾಗಿ. ಆಗ ಅವರಿಗೆ ಮೂವತ್ತು ವರ್ಷ. ಆದರೆ ಹಿಂದಿನ ವರ್ಷವಷ್ಟೇ ‘ಬೇಡರ ಕಣ್ಣಪ್ಪ’ ತೆರೆಕಂಡು ರಾಜ್‌ಕುಮಾರರನ್ನು ತಂದಿತ್ತು. ನಾಯಕನ ಪೀಠಕ್ಕೆ ಕಲ್ಯಾಣ್‌ಕುಮಾರ್, ಉದಯಕುಮಾರ್ ಕೂಡ ಇದ್ದರು. ಅಶ್ವತ್ಥರು ಬಹುಬೇಗ ಪೋಷಕ ಪಾತ್ರಗಳತ್ತ ಸರಿದರು, ಅಲ್ಲಿಯೇ ನಿಂತರು.

ನಾಲ್ಕು ವರ್ಷ ಹಿರಿಯನಾದ ತಂದೆ

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ. ತೆರೆಯ ಮೇಲೆ ಅವರ ಹಿರಿಯರಾಗಿ ಕಾಣಿಸಿಕೊಳ್ಳುತ್ತಿದ್ದ ಅಶ್ವತ್ಥರು ನಿಜದಲ್ಲಿ ಅವರಿಗಿಂತ ನಾಲ್ಕೇ ವರ್ಷ ದೊಡ್ಡವರು. ಅಶ್ವತ್ಥರೊಡನೆ ಲೆಕ್ಕವಿಲ್ಲದಷ್ಟು ಚಿತ್ರಗಳಲ್ಲಿ ಹಿರಿಯ ದಂಪತಿಯಾಗಿ ಜೊತೆಗೂಡಿದ ಪಂಡರಿಬಾಯಿಯವರ ಕತೆ ಇನ್ನೂ ವಿಚಿತ್ರ. ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರರ ನಾಯಕಿಯಾಗಿದ್ದ ಅವರೇ ‘ಅನುರಾಗ ಅರಳಿತು’ (1986) ಚಿತ್ರದಲ್ಲಿ ಅದೇ ರಾಜ್‌ಕುಮಾರರ ತಾಯಿ! ನಾಯಕ ನಟನಿಗೆ ತೆರೆಯ ಮೇಲೆ ವಯಸ್ಸಾಗುವುದಿಲ್ಲ. ಅವನ ಪಾಲಿನ ಮುಪ್ಪನ್ನೂ ಪೋಷಕ ನಟರೇ ಹೊರುತ್ತಾರೆ.

ಮುಪ್ಪನ್ನು ಹೊರುವುದು ಬಿಳಿಯ ಕೂದಲು ಹಚ್ಚಿಕೊಂಡಷ್ಟು ಸುಲಭವಲ್ಲ. ಆಹಾರ್ಯ ಮುಗಿದ ಮೇಲೆ ಉಳಿಯುವುದು ನಡಿಗೆ, ಕೂರುವ ಬಗೆ, ಕನ್ನಡಕ ತೆಗೆದು ಒರಸುವ ಕೈ, ಮಗನ ಮುಖ ನೋಡಲಾರದೆ ನೆಲ ನೋಡುವ ಕಣ್ಣು. ಹರೆಯದಲ್ಲಿಯೇ ಮುದುಕರ ಪಾತ್ರ ಮಾಡುವ ನಟರು ಬೆನ್ನು ಬಗ್ಗಿಸಿ, ದನಿ ನಡುಗಿಸಿ ಕೆಲಸ ಮುಗಿಸುವುದುಂಟು. ಅಶ್ವತ್ಥರು ಆ ದಾರಿ ಹಿಡಿಯಲಿಲ್ಲ. ಅವರ ಮುಪ್ಪು ಮುಖ್ಯವಾಗಿ ಸಂಕೋಚದ ಮುಪ್ಪು: ಹೇಳಬೇಕಾದುದನ್ನು ಹೇಳಲೋ ಬೇಡವೋ ಎಂದು ಅನುಮಾನಿಸುವ ಗೃಹಸ್ಥನದು.

ಅವರಿಗೆ ಹೆಸರು ತಂದ ಇನ್ನೊಂದು ಪಾತ್ರ ಪೌರಾಣಿಕ ಚಿತ್ರಗಳ ನಾರದ. ಜನಪ್ರಿಯ ಕಲ್ಪನೆಯಲ್ಲಿ ನಾರದನೆಂದರೆ ಕಲಹಪ್ರಿಯ. ಅಶ್ವತ್ಥರ ನಾರದ ಮುಗುಳ್ನಗುವವನು, ಲೋಕಹಿತಕ್ಕಾಗಿ ಮಾತು ಹೊತ್ತು ತಿರುಗುವವನು. ಹೀಗೆ ಸಾಮಾಜಿಕ ಚಿತ್ರದ ತಂದೆ, ಪುರಾಣದ ದೇವರ್ಷಿ ಎರಡೂ ಸೇರಿ ಒಂದು ಮುಖವನ್ನು ಕಟ್ಟಿದವು. 1970ರ ಹೊತ್ತಿಗೆ ಕನ್ನಡ ಪ್ರೇಕ್ಷಕನಿಗೆ ಆ ಮುಖ ಕಂಡೊಡನೆ ಒಂದು ನೆಮ್ಮದಿ. ಇವರು ಹೇಳುವುದು ಒಳ್ಳೆಯ ಮಾತೇ ಆಗಿರುತ್ತದೆ ಎಂಬ ನಂಬಿಕೆ. ಪುಟ್ಟಣ್ಣ ಕಣಗಾಲರು ‘ನಾಗರಹಾವು’ ಚಿತ್ರದಲ್ಲಿ ಬಳಸಿಕೊಂಡಿದ್ದು ಈ ನಂಬಿಕೆಯನ್ನು.

ಇದಿರಾಳಿನ ಕಲೆ

ಅಲ್ಲಿಗೆ ಹೋಗುವ ಮುನ್ನ ಪೋಷಕ ನಟನ ಕೆಲಸವೇನು ಎಂಬುದನ್ನು ಇನ್ನೊಂದು ಬದಿಯಿಂದ ನೋಡಬಹುದು. ಕಾಸರಗೋಡಿನ ವಿದ್ಯಾರ್ಥಿಗಳಿಗೆ ತಾಳಮದ್ದಳೆ ಹೊಸದಲ್ಲ. ಪ್ರಸಂಗದಲ್ಲಿ ಮುಖ್ಯ ಪಾತ್ರದ ಅರ್ಥಧಾರಿ ಎಷ್ಟೇ ದೊಡ್ಡವನಾಗಿರಲಿ, ಇದಿರು ಕುಳಿತವನು ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಎತ್ತದಿದ್ದರೆ ಅರ್ಥ ಅರಳುವುದಿಲ್ಲ. ವಾಲಿ ಸೊರಗಿದರೆ ರಾಮನೂ ಸೊರಗುತ್ತಾನೆ. ಒಳ್ಳೆಯ ಇದಿರಾಳು ತಾನು ಗೆಲ್ಲಲು ಮಾತಾಡುವುದಿಲ್ಲ. ಎದುರಿನವನಿಂದ ಹೊಸತೊಂದು ಮಾತು ಹೊರಡುವಂತೆ ಮಾತಾಡುತ್ತಾನೆ. ಆಮೇಲೆ ಕೇಳುತ್ತಾನೆ. ಕೇಳುತ್ತಿರುವಾಗಲೂ ಅವನು ಪಾತ್ರವಾಗಿಯೇ ಇರುತ್ತಾನೆ.

ಸಿನಿಮಾದಲ್ಲಿ ಈ ಕೇಳುವಿಕೆಗೆ ಇನ್ನಷ್ಟು ಬೆಲೆ. ನಾಯಕ ಮಾತಾಡುವಾಗ ಕ್ಯಾಮೆರಾ ಕೇಳುವವನ ಮುಖಕ್ಕೆ ಹೊರಳುತ್ತದೆ. ಆ ಮಾತು ಎಷ್ಟು ಆಳಕ್ಕೆ ತಾಕಿತು ಎಂಬುದನ್ನು ಪ್ರೇಕ್ಷಕ ಅಳೆಯುವುದು ಅಲ್ಲಿಯೇ. ಅಶ್ವತ್ಥರ ಸಾಮರ್ಥ್ಯದ ಹೆಚ್ಚಿನ ಪಾಲು ಈ ಕೇಳುವ ಮುಖದಲ್ಲಿದೆ. ಅನುಭಾವ, ಸಾತ್ತ್ವಿಕ ಅಭಿನಯ ಎಂಬ ಪಾರಿಭಾಷಿಕ ಪದಗಳಿಗೆ ನಾಟ್ಯಶಾಸ್ತ್ರದ ಹೊರಗೆ ಉದಾಹರಣೆ ಬೇಕಾದವರು ಅವರ ಯಾವ ಚಿತ್ರವನ್ನಾದರೂ ಆರಿಸಿಕೊಳ್ಳಬಹುದು.

ಚಾಮಯ್ಯ ಮೇಷ್ಟ್ರು

ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣನವರು ಈ ಚಿತ್ರ ಮಾಡಿದರು. ನಡೆಯುವುದು ಚಿತ್ರದುರ್ಗದಲ್ಲಿ. ರಾಮಾಚಾರಿ ಮುಂಗೋಪಿ ಹುಡುಗ. ಊರಿಗೂ ಕಾಲೇಜಿಗೂ ಬೇಡವಾದವನು. ಹೆತ್ತವರ ಮಾತಿಗೂ ಬಗ್ಗದ ಅವನು ಬಾಗುವುದು ಒಬ್ಬರಿಗೇ, ಶಾಲೆಯಲ್ಲಿ ಕಲಿಸಿದ ಚಾಮಯ್ಯ ಮೇಷ್ಟ್ರಿಗೆ. ಮಕ್ಕಳಿಲ್ಲದ ಮೇಷ್ಟ್ರು ಮತ್ತು ಅವರ ಹೆಂಡತಿ ತುಂಗಮ್ಮನವರಿಗೆ (ಲೀಲಾವತಿ) ಅವನು ಮಗನಂತೆ. ‘ಮೇಷ್ಟ್ರು’ ಎಂಬ ರೂಪವನ್ನೂ ಗಮನಿಸಬೇಕು. ‘ಮಾಸ್ಟರ್’ ಎಂಬ ಇಂಗ್ಲಿಷ್ ಶಬ್ದ ಕನ್ನಡದ ಗೌರವ ಬಹುವಚನ ತೊಟ್ಟು ಹಳೇ ಮೈಸೂರಿನ ಕಡೆ ಮೇಷ್ಟ್ರಾಯಿತು. ಕಾಸರಗೋಡಿನ ಕನ್ನಡದಲ್ಲಿ ಅದೇ ‘ಮಾಸ್ಟ್ರು’, ಮಲಯಾಳದಲ್ಲಿ ‘ಮಾಷ್’. ಎಲ್ಲ ಕಡೆಗಳಲ್ಲೂ ಅದು ಹುದ್ದೆಯ ಹೆಸರಿಗಿಂತ ಹೆಚ್ಚಾಗಿ ಸಂಬಂಧದ ಹೆಸರು.

ವಿಷ್ಣುವರ್ಧನರಿಗೆ ಆಗ ಇಪ್ಪತ್ತೆರಡು ವರ್ಷ, ನಾಯಕನಾಗಿ ಮೊದಲ ಚಿತ್ರ. ಅಶ್ವತ್ಥರಿಗೆ ನಲವತ್ತೇಳು. ರಾಮಾಚಾರಿಯ ಕೋಪ ಬರಿಯ ಪುಂಡಾಟವಾಗಿ ಕಾಣದಿರಲು ಮುಖ್ಯ ಕಾರಣ ಅದನ್ನು ನೋಡುತ್ತಿರುವ ಮೇಷ್ಟ್ರ ಮುಖ. ಊರು ಕೇಡಿಯೆನ್ನುವ ಹುಡುಗನಲ್ಲಿ ಆ ಮುಖಕ್ಕೆ ಬೇರೇನೋ ಕಾಣುತ್ತಿದೆ. ಹಾಗಾಗಿ ಪ್ರೇಕ್ಷಕನಿಗೂ ಕಾಣುತ್ತದೆ. ಲೊಲ್ಲಟನ ಮಾತಿನಲ್ಲಿ ಹೇಳುವುದಾದರೆ ಸ್ಥಾಯಿ ರಾಮಾಚಾರಿಯದು, ಅದಕ್ಕೆ ಪುಷ್ಟಿ ಮೇಷ್ಟ್ರದು.

ಮುಂದಿನದು ಕಠಿಣ. ರಾಮಾಚಾರಿ ಅಲಮೇಲುವನ್ನು (ಆರತಿ) ಪ್ರೀತಿಸುತ್ತಾನೆ. ಮನೆತನ, ಜಾತಿ, ಕಟ್ಟುಪಾಡುಗಳ ಕಾರಣಕ್ಕೆ ಹುಡುಗಿಯ ಮನೆಯವರು ಒಪ್ಪುವುದಿಲ್ಲ. ರಾಮಾಚಾರಿಯನ್ನು ಬಲದಿಂದ ಯಾರೂ ಕದಲಿಸಲಾರರು. ಅವನನ್ನು ಕದಲಿಸಬಲ್ಲ ಒಂದೇ ಹಗ್ಗ ಮೇಷ್ಟ್ರ ಪ್ರೀತಿ, ಮತ್ತು ಆ ಹಗ್ಗವನ್ನು ಮೇಷ್ಟ್ರು ಎಳೆಯುತ್ತಾರೆ. ಗದರಿಸುವುದಿಲ್ಲ, ಕೇಳಿಕೊಳ್ಳುತ್ತಾರೆ. ತ್ಯಾಗದ ಹಿರಿಮೆಯನ್ನು ಹೇಳುತ್ತಾರೆ. ಹುಡುಗ ಮಾತು ಕೊಡುತ್ತಾನೆ. ಅಲಮೇಲು ಬೇರೆಯವನನ್ನು ಮದುವೆಯಾಗಿ ಹೋಗುತ್ತಾಳೆ. ಆ ಮದುವೆ ಅವಳನ್ನು ವೇಶ್ಯಾವೃತ್ತಿಗೆ ತಳ್ಳಿದ್ದನ್ನು ರಾಮಾಚಾರಿ ಮುಂದೆ ಕಣ್ಣಾರೆ ಕಾಣುತ್ತಾನೆ. ಕ್ರೈಸ್ತ ಹುಡುಗಿ ಮಾರ್ಗರೆಟ್ (ಶುಭಾ) ಅವನ ಬಾಳಿಗೆ ಬಂದಾಗ ಮೇಷ್ಟ್ರು ಮತ್ತೆ ಅಡ್ಡ ನಿಲ್ಲುತ್ತಾರೆ. ಎರಡನೆಯ ಸಲ ಹುಡುಗ ಬಾಗುವುದಿಲ್ಲ. ಬೆಟ್ಟದ ಮೇಲಿನ ಕೊನೆಯ ಭೇಟಿಯಲ್ಲಿ ಶಿಷ್ಯನ ಕೈ ತಾಗಿಯೇ ಗುರು ಉರುಳಿ ಸಾಯುತ್ತಾರೆ. ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಅಲ್ಲಿಂದಲೇ ಹಾರುತ್ತಾರೆ.

ಹಾಗಾದರೆ ಚಾಮಯ್ಯ ಮೇಷ್ಟ್ರು ಯಾರು? ಆದರ್ಶ ಗುರುವೆಂದು ಸುಮ್ಮನಾಗುವಂತಿಲ್ಲ. ಒಬ್ಬ ಹುಡುಗಿಯ ಬಾಳು ಹಾಳಾಗಲು, ಮೂವರ ಸಾವಿಗೆ ಅವರ ಮಾತೂ ಒಂದು ಕಾರಣ. ಹಾಗೆಂದು ಖಳನೆನ್ನಲೂ ಬರುವುದಿಲ್ಲ. ಅವರ ಪ್ರೀತಿಯಲ್ಲಿ ಎಳ್ಳಷ್ಟೂ ಕಪಟವಿಲ್ಲ. ಬಿ.ಎಂ.ಶ್ರೀ. ಕನ್ನಡಕ್ಕೆ ತಂದ ರುದ್ರನಾಟಕದ ಪರಿಭಾಷೆಯಲ್ಲಿ ಯೋಚಿಸುವವರಿಗೆ ಇಲ್ಲಿ ಒಂದು ಹೊಳಹು ಸಿಕ್ಕೀತು. ದುರಂತನಾಯಕನ ಬೀಳುವಿಕೆಗೆ ಕಾರಣವಾಗುವ ದೋಷ ಅವನ ಗುಣಕ್ಕೇ ಅಂಟಿಕೊಂಡಿರುತ್ತದೆ. ರಾಮಾಚಾರಿಯ ದೋಷ ಕೋಪ. ಅದು ಎಲ್ಲರಿಗೂ ಕಾಣುತ್ತದೆ, ಚಿತ್ರದ ಹೆಸರೇ ಅದನ್ನು ಸಾರುತ್ತದೆ. ಮೇಷ್ಟ್ರ ದೋಷ ಕಾಣುವುದಿಲ್ಲ, ಏಕೆಂದರೆ ಅದು ಒಳ್ಳೆಯತನದ ಉಡುಪಿನಲ್ಲಿದೆ. ಊರ ಕಟ್ಟಳೆಯನ್ನೇ ಧರ್ಮವೆಂದು ನಂಬಿ, ಶಿಷ್ಯನ ಪ್ರೀತಿಯನ್ನು ಆ ಧರ್ಮಕ್ಕೆ ಒತ್ತೆಯಿಟ್ಟವರು ಅವರು.

ಅಶ್ವತ್ಥರ ಮುಖ ಇಲ್ಲಿ ಕೆಲಸ ಮಾಡುವ ಬಗೆ ಸೂಕ್ಷ್ಮವಾದುದು. ಕಟುಕನಂತೆ ಕಾಣುವ ನಟನೊಬ್ಬ ಅಲಮೇಲುವನ್ನು ಬಿಡೆಂದು ಹೇಳಿದ್ದರೆ ಪ್ರೇಕ್ಷಕ ಕೂಡಲೇ ಹುಡುಗನ ಪಕ್ಷ ವಹಿಸುತ್ತಿದ್ದ. ಹದಿನೇಳು ವರ್ಷ ನಂಬಿಕೊಂಡು ಬಂದ ತಂದೆಯ ಮುಖ ಹೇಳಿದಾಗ ಪ್ರೇಕ್ಷಕನೂ ರಾಮಾಚಾರಿಯೊಡನೆ ತಲೆ ಬಾಗಿಸುತ್ತಾನೆ. ಮುಂದೆ ಅದರ ಫಲ ಕಂಡಾಗ ಅವನಿಗೂ ಒಳಗೆ ಚುಚ್ಚುತ್ತದೆ: ಆ ಮಾತಿಗೆ ತಾನೂ ಹೂಂಗುಟ್ಟಿದ್ದೆನಲ್ಲ! ಈ ಪಾತ್ರಕ್ಕಾಗಿ ಅಶ್ವತ್ಥರಿಗೆ ರಾಜ್ಯ ಸರ್ಕಾರದ ಪೋಷಕ ನಟ ಪ್ರಶಸ್ತಿ ಬಂದಿತು.

ಪುಟ್ಟಣ್ಣನವರೇ 1974ರಲ್ಲಿ ಇದನ್ನು ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಎಂದು ಮಾಡಿದಾಗ ಗುರುವಿನ ಪಾತ್ರ ಪ್ರಾಣ್ ಅವರಿಗೆ ಹೋಯಿತು. ಪ್ರಾಣ್ ದೊಡ್ಡ ನಟ, ‘ಉಪಕಾರ್’ (1967) ಬಳಿಕ ಸಜ್ಜನರ ಪಾತ್ರಗಳಲ್ಲೂ ಮೆಚ್ಚುಗೆ ಗಳಿಸಿದವರು. ಆದರೂ ದಶಕಗಳ ಖಳನ ನೆನಪು ಆ ಮುಖದಲ್ಲಿ ಹುದುಗಿತ್ತು. ಕನ್ನಡದಲ್ಲಿ ಅಶ್ವತ್ಥರಿಂದ ಒದಗಿದ ಮುಗ್ಧ ನಂಬಿಕೆ ಅಲ್ಲಿ ಅದೇ ರೀತಿಯಲ್ಲಿ ಒದಗುವಂತಿರಲಿಲ್ಲ. ನಟನೊಬ್ಬ ಹಿಂದಿನ ಪಾತ್ರಗಳನ್ನು ಹೊತ್ತೇ ಹೊಸ ಪಾತ್ರಕ್ಕೆ ಬರುತ್ತಾನೆ.

ಅದೇ ವರ್ಷ, ಅಡ್ಡಹಾಯ್ದ ಇನ್ನೊಂದು ಮುಖ

ಕನ್ನಡದಲ್ಲೇ ಇದಕ್ಕೊಂದು ಜೋಡಿ ನಿದರ್ಶನವಿದೆ, ಅದೂ ಅದೇ 1972ರಲ್ಲಿ. ಟಿ. ಎನ್. ಬಾಲಕೃಷ್ಣ ಅಶ್ವತ್ಥರಿಗೆ ತದ್ವಿರುದ್ಧವಾದ ಮುಖ. ಕುಹಕಿ, ಜಿಪುಣ, ಮನೆಮುರುಕ ಶಾನುಭೋಗನಂಥ ಪಾತ್ರಗಳಿಗೆ ಹೆಸರಾದವರು. ಕಿವಿ ಸರಿಯಾಗಿ ಕೇಳದಿದ್ದರೂ ಎದುರಿನವರ ತುಟಿಯ ಚಲನೆಯನ್ನು ನೋಡಿಯೇ ತಮ್ಮ ಮಾತನ್ನು ಹೊತ್ತಿಗೆ ಸರಿಯಾಗಿ ಒಗೆಯುತ್ತಿದ್ದ ಆ ನಟನ ಬಗ್ಗೆ ಪ್ರತ್ಯೇಕ ಪಾಠವೇ ಬೇಕು. ‘ಬಂಗಾರದ ಮನುಷ್ಯ’ದಲ್ಲಿ ನಿರ್ದೇಶಕ ಸಿದ್ದಲಿಂಗಯ್ಯ ಅವರಿಗೆ ರಾಚೂಟಪ್ಪನೆಂಬ ಹಿತೈಷಿಯ ಪಾತ್ರ ಕೊಟ್ಟರು. ಇವನು ಎಲ್ಲಿ ಮೋಸ ಮಾಡುತ್ತಾನೋ ಎಂದು ಕಾಯುತ್ತ ಕುಳಿತ ಪ್ರೇಕ್ಷಕನಿಗೆ ಕಡೆಗೂ ಮೋಸ ಸಿಗಲಿಲ್ಲ. ಒಂದೇ ವರ್ಷದಲ್ಲಿ ಕೆಡುಕಿನ ಮುಖವೊಂದು ಒಳಿತಿಗೂ ಒಳಿತಿನ ಮುಖವೊಂದು ಅರಿಯದೆ ಮಾಡಿದ ಕೇಡಿಗೂ ಒದಗಿದ್ದು ಆಕಸ್ಮಿಕವೇ ಇರಬಹುದು. ಆದರೆ ಕನ್ನಡ ಸಿನಿಮಾ ತನ್ನ ಪೋಷಕ ನಟರ ಮುಖಗಳನ್ನು ಓದಲು ಕಲಿತಿದ್ದ ಪ್ರೇಕ್ಷಕನನ್ನು ಆಗಲೇ ಪಡೆದಿತ್ತು ಎಂಬುದಕ್ಕೆ ಅದು ಸಾಕ್ಷಿ.

ಕಾದಂಬರಿ ಓದಿದವರ ತಕರಾರು

ತ.ರಾ.ಸು. ಅವರಿಗೆ ಚಿತ್ರ ಹಿಡಿಸಲಿಲ್ಲವೆಂಬುದು ಪ್ರಸಿದ್ಧ. ನಾಗರಹಾವು ಕೆರೆಹಾವಾಯಿತೆಂದು ಅವರು ನೊಂದು ಆಡಿದರೆಂದು ಹೇಳುತ್ತಾರೆ. ಮೂರು ಕಾದಂಬರಿಗಳನ್ನು ಮೂರು ತಾಸಿನೊಳಗೆ ತುಂಬುವಾಗ ಪಾತ್ರಗಳ ಒಳದನಿ ಕಳೆದುಹೋಗುವುದು ಸಹಜ. ಕಾದಂಬರಿಕಾರನಿಗೆ ಪಾತ್ರದ ಮನಸ್ಸಿನೊಳಗೆ ಪುಟಗಟ್ಟಲೆ ನಡೆಯುವ ಅವಕಾಶವಿದೆ. ಕ್ಯಾಮೆರಾಕ್ಕೆ ಇರುವುದು ಹೊರಗಿನ ಮುಖ ಮಾತ್ರ. ಲೇಖಕರ ಅಸಮಾಧಾನದಲ್ಲಿ ಸತ್ಯವಿದೆ. ಆದರೂ ಚಾಮಯ್ಯ ಮೇಷ್ಟ್ರ ಮಟ್ಟಿಗೆ ಆ ನಷ್ಟವನ್ನು ನಟನೊಬ್ಬ ಬಹುಪಾಲು ತುಂಬಿಕೊಟ್ಟನೆಂದೇ ಹೇಳಬೇಕು. ‘ಕೃತಿ ಮತ್ತು ರೂಪಾಂತರ’ ಎಂಬ ವಿಷಯದಲ್ಲಿ ಬರೆಯುವವರು ಕತೆಯಲ್ಲಿ ಏನು ಬಿಟ್ಟುಹೋಯಿತು ಎಂಬ ಪಟ್ಟಿಯಲ್ಲೇ ನಿಂತುಬಿಡುತ್ತಾರೆ. ನಟನ ದೇಹವೂ ಒಂದು ವ್ಯಾಖ್ಯಾನವೆಂಬುದನ್ನು ಅವರು ಗಮನಿಸುವುದು ಕಡಮೆ.

ಕೊನೆಯ ವರ್ಷಗಳು

‘ನಾಗರಹಾವು’ ಬಳಿಕವೂ ಅಶ್ವತ್ಥರು ಮೊದಲಿನಂತೆಯೇ ದುಡಿದರು. ಪುಟ್ಟಣ್ಣನವರ ‘ಗೆಜ್ಜೆಪೂಜೆ’, ‘ಶರಪಂಜರ’ಗಳಲ್ಲಿ ಅದಕ್ಕೆ ಮುಂಚೆಯೇ ನಟಿಸಿದ್ದರು. ‘ಮುತ್ತಿನ ಹಾರ’ (1990) ಚಿತ್ರದಲ್ಲಿ ಮತ್ತೆ ವಿಷ್ಣುವರ್ಧನರ ಜೊತೆಗೂಡಿದರು. ರಾಜ್‌ಕುಮಾರರ ಕೊನೆಯ ಚಿತ್ರ ‘ಶಬ್ದವೇಧಿ’ (2000)ಯಲ್ಲೂ ಕಾಣಿಸಿಕೊಂಡರು. ಆದರೆ ಜನ ಅವರನ್ನು ಕರೆದದ್ದು ಮಾತ್ರ ಚಾಮಯ್ಯ ಮೇಷ್ಟ್ರೆಂದೇ. ನಾಯಕರ ಹೆಸರಿನ ಹಿಂದೆ ಬಿರುದುಗಳು ಬೆಳೆದವು. ಇವರಿಗೆ ದೊರೆತ ಬಿರುದು ಒಬ್ಬ ಬಡ ಶಾಲಾಮಾಸ್ತರನ ಹೆಸರು.

2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಮೈಸೂರಿನಲ್ಲಿ ತೀರಿಕೊಂಡರು. ಹತ್ತೊಂಬತ್ತು ದಿನ ಕಳೆದು, 2010ರ ಜನವರಿ 18ರಂದು, ಅದೇ ಊರಿನಲ್ಲಿ ಅಶ್ವತ್ಥರೂ ತೀರಿಕೊಂಡರು. ಅವರಿಗೆ ಎಂಬತ್ತನಾಲ್ಕು ವರ್ಷವಾಗಿತ್ತು.

ಅಭ್ಯಾಸಕ್ಕೆ

‘ನಾಗರಹಾವು’ ಚಿತ್ರದಲ್ಲಿ ಅಲಮೇಲುವನ್ನು ಬಿಟ್ಟುಕೊಡುವಂತೆ ಮೇಷ್ಟ್ರು ಕೇಳುವ ದೃಶ್ಯವನ್ನು ಎರಡು ಬಾರಿ ನೋಡಬೇಕು. ಮೊದಲ ಸಲ ದನಿ ಅಡಗಿಸಿ, ಅಶ್ವತ್ಥರ ಮುಖವನ್ನು ಮಾತ್ರ. ಎರಡನೆಯ ಸಲ ತೆರೆಯತ್ತ ನೋಡದೆ, ದನಿಯನ್ನು ಮಾತ್ರ. ಆಂಗಿಕಕ್ಕೂ ವಾಚಿಕಕ್ಕೂ ಸಂಬಂಧಿಸಿ ಕಂಡುಬಂದ ಅಂಶಗಳನ್ನು ಒಂದೊಂದು ಪುಟದಲ್ಲಿ ಬರೆಯಬೇಕು. ಬಳಿಕ ಕಾದಂಬರಿಯಲ್ಲಿ ಆ ಸಂದರ್ಭಕ್ಕೆ ಸಂಬಂಧಿಸಿದ ಭಾಗವನ್ನು ಓದಿ, ಮೇಷ್ಟ್ರ ಮಾತಿಗೆ ರಾಮಾಚಾರಿ ಒಪ್ಪದೆ ಹೋಗಿದ್ದರೆ ಹೇಳಬಹುದಾಗಿದ್ದ ಉತ್ತರವನ್ನು ತಾಳಮದ್ದಳೆಯ ಅರ್ಥದ ರೂಪದಲ್ಲಿ ಸಿದ್ಧಪಡಿಸಿಕೊಂಡು ಬರಬೇಕು. ತರಗತಿಯಲ್ಲಿ ಇಬ್ಬರು ಇದಿರುಬದಿರು ಕುಳಿತು ಅದನ್ನು ಆಡಬಹುದು. ಮೇಷ್ಟ್ರ ಅರ್ಥ ಹೇಳುವವರು ಹೆಚ್ಚು ಸಿದ್ಧತೆ ಮಾಡಿಕೊಂಡಿರಬೇಕು.